ಹೆಗಲ ಮೇಲಿನ ನಕ್ಷತ್ರ ಆನ್‌ಲೈನ್‌ನಲ್ಲಿ ಏನೇನು ಬಿಟ್ಟುಕೊಡುತ್ತದೆ

ಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕ ತನ್ನನ್ನು ಹಿಡಿದವರಿಗೆ ಎಷ್ಟು ಹೇಳಬೇಕು? 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿಯಲ್ಲಿ ಇದಕ್ಕೆ ಉತ್ತರ ಇದೆ. ಹೆಸರು, ರ‍್ಯಾಂಕ್, ಹುಟ್ಟಿದ ದಿನಾಂಕ, ಸರ್ವಿಸ್ ನಂಬರ್. ಅಷ್ಟೇ. ನಿನ್ನ ಪಲ್ಟನ್ ಎಲ್ಲಿದೆ, ಕಮಾಂಡರ್ ಯಾರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರೆ ಬಾಯಿ ಬಿಡಬೇಕಾಗಿಲ್ಲ. ಹಿಂಸೆ ಕೊಟ್ಟು, ಹೆದರಿಸಿ ಹೇಳಿಸುವುದನ್ನೂ ಅದೇ ವಿಧಿ ನಿಷೇಧಿಸುತ್ತದೆ.

ಈಗ ಸೇನೆಯಲ್ಲಿರುವವರ ಅಥವಾ ಇದ್ದು ಬಂದವರ ಸೋಷಿಯಲ್ ಮೀಡಿಯಾ ಪುಟಗಳನ್ನು ನೋಡಿ. ಹೆಸರಿನ ಹಿಂದೆ ರ‍್ಯಾಂಕ್, ಮುಂದೆ ರೆಜಿಮೆಂಟ್. ಯಾವ ವರ್ಷ ಎಲ್ಲಿ ಪೋಸ್ಟಿಂಗ್ ಆಗಿತ್ತು ಎಂಬ ಪಟ್ಟಿ. ಸಮವಸ್ತ್ರದ ಫೋಟೋ, ಪಕ್ಕದಲ್ಲಿ ಹೆಂಡತಿ ಮಕ್ಕಳು, ಅವರ ಹೆಸರಿಗೆ ಲಿಂಕ್. ಸೆರೆ ಹಿಡಿದ ಶತ್ರುವಿಗೂ ಹೇಳಬೇಕಾಗಿಲ್ಲದ ಸಂಗತಿಗಳನ್ನು ಯಾರೂ ಕೇಳದೆಯೇ ಜಗತ್ತಿಗೆಲ್ಲ ತೆರೆದಿಟ್ಟ ಹಾಗೆ.

ಇದು ಅಜಾಗರೂಕತೆ ಎಂದು ಬೈದು ಮುಗಿಸುವುದು ಸುಲಭ. ಆದರೆ ಇದರ ಬೇರು ಇರುವುದು ಒಂದು ಒಳ್ಳೆಯ ಅಭ್ಯಾಸದಲ್ಲಿ. ರ‍್ಯಾಂಕನ್ನು ಸರಿಯಾಗಿ ಹೇಳುವುದು, ಸರಿಯಾಗಿ ಬರೆಯುವುದು, ಅದಕ್ಕೆ ತಕ್ಕ ಮರ್ಯಾದೆ ಕೊಡುವುದು ಸೇನೆಯ ದಿನನಿತ್ಯದ ಶಿಸ್ತು. ಆ ಶಿಸ್ತು ಹುಟ್ಟಿದ್ದು ಗೇಟು, ಕಾವಲುಗಾರ, ಗುರುತಿನ ಚೀಟಿ ಇರುವ ಜಾಗದಲ್ಲಿ. ಗೇಟೇ ಇಲ್ಲದ ಜಾಗಕ್ಕೆ ಅದನ್ನು ಹಾಗೇ ತಂದರೆ ಏನಾಗುತ್ತದೆ ಎನ್ನುವುದೇ ಇಲ್ಲಿನ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಆನ್‌ಲೈನ್‌ನಲ್ಲಿ ರ‍್ಯಾಂಕ್ ಒಂದು ಮಾಹಿತಿ. ಅದನ್ನು ಹೇಳುವುದೋ ಬಿಡುವುದೋ ಆ ರ‍್ಯಾಂಕಿನವರೇ ತೀರ್ಮಾನಿಸಬೇಕು. ಉಳಿದವರು ಕೇಳಿ ಪಡೆಯುವಂಥದ್ದಲ್ಲ, ಅವರ ಪರವಾಗಿ ಹೇಳುವಂಥದ್ದಂತೂ ಅಲ್ಲವೇ ಅಲ್ಲ.

ಒಂದು ರ‍್ಯಾಂಕಿನೊಳಗೆ ಎಷ್ಟು ಅಡಗಿದೆ

ಜಿನೀವಾ ಒಪ್ಪಂದ ರ‍್ಯಾಂಕನ್ನು ಆ ನಾಲ್ಕು ವಿಷಯಗಳಲ್ಲಿ ಸೇರಿಸಿದ್ದು ಸುಮ್ನೆ ಅಲ್ಲ. ಸೆರೆಯಲ್ಲಿರುವಾಗಲೂ ಅಧಿಕಾರಿಗಳನ್ನು ಅವರ ರ‍್ಯಾಂಕಿಗೂ ವಯಸ್ಸಿಗೂ ತಕ್ಕಂತೆ ನಡೆಸಿಕೊಳ್ಳಬೇಕು ಎಂದು 44ನೇ ವಿಧಿ ಹೇಳುತ್ತದೆ. ಸೆಲ್ಯೂಟಿನ ಬಗ್ಗೆಯೂ ನಿಯಮ ಇದೆ. ಸೆರೆಯಲ್ಲಿರುವ ಅಧಿಕಾರಿ ಎದುರಾಳಿ ಸೇನೆಯಲ್ಲಿ ತನಗಿಂತ ಮೇಲಿನ ರ‍್ಯಾಂಕಿನವರಿಗೆ ಮಾತ್ರ ಸೆಲ್ಯೂಟ್ ಮಾಡಿದರೆ ಸಾಕು. ಶಿಬಿರದ ಮುಖ್ಯಸ್ಥನಿಗೆ ಮಾತ್ರ ಅವನ ರ‍್ಯಾಂಕ್ ಏನೇ ಇದ್ದರೂ ಮಾಡಬೇಕು. ಕೊಂದುಕೊಳ್ಳುವ ಎರಡು ಪಡೆಗಳ ನಡುವೆಯೂ ಉಳಿಯುವ ಮರ್ಯಾದೆ ಇದು. ರ‍್ಯಾಂಕನ್ನು ಬರೀ ಜಂಭ ಎಂದು ತಳ್ಳಿಹಾಕುವವರು ಇದನ್ನು ಒಮ್ಮೆ ಯೋಚಿಸಬೇಕು.

ಆದರೆ ಗೌರವದ ಜೊತೆಗೆ ರ‍್ಯಾಂಕ್ ಬೇರೇನನ್ನೋ ಹೊತ್ತು ತರುತ್ತದೆ. ಭಾರತೀಯ ಸೇನೆಯದೇ ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿ ಅಧಿಕಾರಿಯಾಗಿ ಸೇರಿದವರು ಲೆಫ್ಟಿನೆಂಟ್. ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟರವರೆಗೆ ಬಡ್ತಿ ಸೇವಾವಧಿಯ ಲೆಕ್ಕದಲ್ಲಿ ಬರುತ್ತದೆ. ಅದರಾಚೆ ಕರ್ನಲ್ ಆಗಲು ಹೆಚ್ಚಿನವರು ಆಯ್ಕೆ ಮಂಡಳಿಯ ಮುಂದೆ ಹೋಗಬೇಕು. ಹಾಗಾಗಿ ಒಬ್ಬರು 'ನಾನು ಮೇಜರ್' ಎಂದರೆ, ಎಷ್ಟು ವರ್ಷದ ಸೇವೆ, ಸುಮಾರು ಎಷ್ಟು ವಯಸ್ಸು, ಸಂಬಳ ಯಾವ ಹಂತದ್ದು ಎಂಬುದನ್ನೆಲ್ಲ ಹೇಳಿದಂತಾಯಿತು.

ಇಲ್ಲಿಂದ ಮುಂದೆ ನೋಡಿ. ಒಬ್ಬರು ಅಡ್ಡಹೆಸರಿನಲ್ಲಿ ಬರೆಯುತ್ತಾರೆ ಎಂದುಕೊಳ್ಳೋಣ. ಫೋಟೋ ಇಲ್ಲ, ಊರು ಇಲ್ಲ. ಒಂದು ದಿನ ಚರ್ಚೆಯಲ್ಲಿ 'ನಾನು ಇನ್‌ಫೆಂಟ್ರಿ ಬೆಟಾಲಿಯನ್ ಕಮಾಂಡ್ ಮಾಡಿದವನು' ಎನ್ನುತ್ತಾರೆ. ಇನ್ನೊಂದು ತಿಂಗಳು 'ಆ ವರ್ಷ ನಾವು ಇಂಥ ಕಣಿವೆಯಲ್ಲಿದ್ದೆವು' ಎನ್ನುತ್ತಾರೆ. ಮತ್ತೊಮ್ಮೆ ರೆಜಿಮೆಂಟಿನ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುತ್ತಾರೆ. ಮೂರೂ ಬೇರೆ ಬೇರೆಯಾಗಿ ನೋಡಿದರೆ ಏನೂ ಅಲ್ಲ. ಆದರೆ ಒಂದು ಬೆಟಾಲಿಯನ್‌ಗೆ ಒಂದು ಕಾಲಕ್ಕೆ ಒಬ್ಬರೇ ಕಮಾಂಡಿಂಗ್ ಆಫೀಸರ್. ಮೂರು ಮಾತನ್ನು ಜೋಡಿಸಿದರೆ ಉಳಿಯುವುದು ಒಬ್ಬರೇ ವ್ಯಕ್ತಿ. ಹೆಸರು ಮುಚ್ಚಿಟ್ಟಿದ್ದು ಅಲ್ಲಿಗೆ ವ್ಯರ್ಥ. ಸಿಪಾಯಿಗಳ ವಿಷಯದಲ್ಲಿ ಇಷ್ಟು ಬೇಗ ಸಿಗುವುದಿಲ್ಲ, ಏಕೆಂದರೆ ಸಂಖ್ಯೆ ಜಾಸ್ತಿ. ರ‍್ಯಾಂಕ್ ಮೇಲೆ ಹೋದಷ್ಟೂ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ.

ರ‍್ಯಾಂಕಿನ ಶಿಷ್ಟಾಚಾರವನ್ನೂ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಮುಂದಿನ ತೊಂದರೆ ಅರ್ಥವಾಗುವುದಿಲ್ಲ. ಭೂಸೇನೆಯ ಕ್ಯಾಪ್ಟನ್ ಮೇಜರ್‌ಗಿಂತ ಕೆಳಗಿನವರು. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಲೆಫ್ಟಿನೆಂಟ್ ಕರ್ನಲ್ ಅವರನ್ನು ಮಾತಿನಲ್ಲಿ 'ಕರ್ನಲ್' ಎಂದೇ ಕರೆಯುತ್ತಾರೆ. ಮೇಜರ್ ಜನರಲ್ ಆದರೆ 'ಜನರಲ್'. ಬರವಣಿಗೆಯಲ್ಲಿ ಮಾತ್ರ ಪೂರ್ತಿ ಬರೆಯಬೇಕು. ರ‍್ಯಾಂಕ್ ಮೊದಲು, ಡಾಕ್ಟರ್‌ನಂಥ ಬಿರುದು ಆಮೇಲೆ. ನಿವೃತ್ತರಾದವರ ವಿಷಯದಲ್ಲಿ ನಮ್ಮಲ್ಲಿ 'ನಿವೃತ್ತ' ಎಂಬುದನ್ನು ಹೆಸರಿನ ನಂತರ ಹಾಕುವುದು ಸರಿ ಎನ್ನುತ್ತಾರೆ. ನಿವೃತ್ತಿಯಾಗುವುದು ಅಧಿಕಾರಿ, ರ‍್ಯಾಂಕ್ ಅಲ್ಲ ಎಂಬ ಭಾವನೆ ಅದರ ಹಿಂದಿದೆ. ಫೀಲ್ಡ್ ಮಾರ್ಷಲ್‌ಗಳಿಗಂತೂ ಆ ಮಾತೇ ಇಲ್ಲ, ಆ ರ‍್ಯಾಂಕ್ ಜೀವನಪೂರ್ತಿ. ಕೊಡಗಿನ ಕೆ.ಎಂ. ಕಾರ್ಯಪ್ಪ ಸೇನಾ ಮುಖ್ಯಸ್ಥರ ಹುದ್ದೆಯಿಂದ ಇಳಿದದ್ದು 1953ರಲ್ಲಿ, ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ.

ನಮ್ಮ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು. ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ ಎಂದಿತು. ಆದರೆ ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಅದರಿಂದ ಹೊರಗಿಟ್ಟಿತು. ಅಮೆರಿಕದಲ್ಲಿ ನಿವೃತ್ತ ಅಧಿಕಾರಿ ತನ್ನ ರ‍್ಯಾಂಕನ್ನು ಹೆಸರಿನ ಜೊತೆ ಬಳಸಬಹುದು ಎಂದು ಕಾನೂನಿನಲ್ಲೇ ಬರೆದಿದೆ. ವ್ಯಾಪಾರಕ್ಕೆ ಬಳಸುವಾಗ ಮಾತ್ರ ನಿವೃತ್ತರೆಂದು ಸ್ಪಷ್ಟವಾಗಿ ಹೇಳಬೇಕು, ಸೇನೆಯೇ ಆ ಸರಕಿನ ಬೆನ್ನಿಗಿದೆ ಎಂಬ ಭಾವನೆ ಬರಬಾರದು. ಬ್ರಿಟನ್ನಿನ ರೂಢಿ ಇನ್ನೂ ಬಿಗಿ. ಅಲ್ಲಿ ಸಾಮಾನ್ಯವಾಗಿ ಮೇಜರ್ ಮತ್ತು ಮೇಲಿನವರು ಮಾತ್ರ ಸೇನೆ ಬಿಟ್ಟ ಮೇಲೂ ರ‍್ಯಾಂಕ್ ಇಟ್ಟುಕೊಳ್ಳುತ್ತಾರೆ.

ನಕಲಿಗಳ ಮೇಲಿನ ಸಿಟ್ಟು, ಪುರಾವೆಯ ಹಟ

ಗೌರವ ಇದ್ದಲ್ಲಿ ಅದನ್ನು ಕದಿಯುವವರೂ ಇರುತ್ತಾರೆ. ಸೇನೆಯಲ್ಲಿ ಇಲ್ಲದವರು ಕರ್ನಲ್ ಎಂದು ಹೇಳಿಕೊಳ್ಳುವುದು, ಸಿಕ್ಕದ ಪದಕವನ್ನು ಎದೆಗೆ ಹಾಕಿಕೊಳ್ಳುವುದು ನಿಜವಾಗಿ ದುಡಿದವರ ಹೊಟ್ಟೆ ಉರಿಸುತ್ತದೆ. ಅದು ನ್ಯಾಯವಾದ ಸಿಟ್ಟು. ಕಾನೂನು ಈ ಸಿಟ್ಟನ್ನು ಹೇಗೆ ನೋಡಿದೆ ಎನ್ನುವುದು ಕುತೂಹಲದ ವಿಷಯ.

ಅಮೆರಿಕ 2006ರಲ್ಲಿ ಸೇನಾ ಪದಕಗಳ ಬಗ್ಗೆ ಸುಳ್ಳು ಹೇಳಿಕೊಳ್ಳುವುದನ್ನೇ ಅಪರಾಧ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ನೀರು ಸರಬರಾಜು ಮಂಡಳಿಯ ಸದಸ್ಯನೊಬ್ಬ ಸಭೆಯಲ್ಲಿ ತಾನು ಮರೀನ್ ಪಡೆಯಲ್ಲಿದ್ದೆ, ದೇಶದ ಅತ್ಯುನ್ನತ ಪದಕ ಪಡೆದಿದ್ದೇನೆ ಎಂದ. ಎಲ್ಲವೂ ಸುಳ್ಳು. ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2012ರಲ್ಲಿ ಕೋರ್ಟ್ 6-3 ಬಹುಮತದಿಂದ ಆ ಕಾನೂನನ್ನೇ ರದ್ದು ಮಾಡಿತು. ಸುಳ್ಳು ಅಸಹ್ಯವೇ ಆದರೂ, ಬರೀ ಸುಳ್ಳಿಗೆ ಜೈಲು ಎನ್ನುವುದು ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. ಮರುವರ್ಷ ಹೊಸ ಕಾನೂನು ಬಂತು. ಪದಕದ ಸುಳ್ಳು ಹೇಳಿ ಹಣವೋ ಆಸ್ತಿಯೋ ಬೇರೆ ಲಾಭವೋ ಪಡೆಯಲು ಹೊರಟರೆ ಮಾತ್ರ ಅಪರಾಧ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಕೂಡ ಉದ್ದೇಶವನ್ನೇ ನೋಡುತ್ತದೆ. ತಾನು ಸೈನಿಕ ಎಂದು ಬೇರೆಯವರು ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪಿನಂಥದ್ದನ್ನು ತೊಟ್ಟರೆ ಮೂರು ತಿಂಗಳವರೆಗೆ ಜೈಲು ಆಗಬಹುದು.

ಅಮೆರಿಕದ 2012ರ ಆ ತೀರ್ಪಿನಲ್ಲಿ ಇನ್ನೊಂದು ಮಾತು ಬಂತು. ಸುಳ್ಳನ್ನು ಬಯಲು ಮಾಡಲು ಸರ್ಕಾರವೇ ಪದಕ ಪಡೆದವರ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಇಡಬಹುದಲ್ಲ ಎಂದು. ಅದೇ ವರ್ಷ ಅಮೆರಿಕದ ರಕ್ಷಣಾ ಇಲಾಖೆ ಶೌರ್ಯ ಪದಕಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಲು ಶುರುಮಾಡಿತು. ನನಗೆ ಇದು ಬಹಳ ಸರಿ ಎನಿಸುತ್ತದೆ. ಪರಿಶೀಲನೆಯ ಭಾರ ಸಂಸ್ಥೆಯ ಮೇಲಿರಬೇಕು. ಪ್ರತಿಯೊಬ್ಬ ಸೈನಿಕ ಬೀದಿಯಲ್ಲಿ ನಿಂತು ತನ್ನ ಕಾಗದಪತ್ರ ತೋರಿಸುವ ಹಾಗಾಗಬಾರದು.

ಆದರೆ ಆನ್‌ಲೈನ್‌ನಲ್ಲಿ ನಡೆಯುತ್ತಿರುವುದು ಇದರ ಉಲ್ಟಾ. ಯಾರಾದರೂ ಸೇನೆಯ ವಿಷಯ ಎತ್ತಿದ ಕೂಡಲೇ 'ನೀವು ಯಾವ ಬ್ಯಾಚ್? ಯಾವ ಪಲ್ಟನ್? ನಂಬರ್ ಹೇಳಿ, ಐಡಿ ತೋರಿಸಿ' ಎಂದು ಜನ ಮುಗಿಬೀಳುತ್ತಾರೆ. ಹಾಗೆ ಕೇಳುವವರಿಗೆ ಸೇನೆಯ ಒಳಗಿನ ವಿಷಯ ಗೊತ್ತಿರುವುದಿಲ್ಲ ಎಂಬುದು ಇನ್ನೂ ದೊಡ್ಡ ಕಷ್ಟ. ಐವತ್ತರ ಹತ್ತಿರದ ಒಬ್ಬರು ಕ್ಯಾಪ್ಟನ್ ಎಂದರೆ 'ಈ ವಯಸ್ಸಿನಲ್ಲಿ ಕ್ಯಾಪ್ಟನ್ನಾ? ನಕಲಿ' ಎಂದುಬಿಡುತ್ತಾರೆ. ಸಿಪಾಯಿಯಾಗಿ ಸೇರಿ, ಸುಬೇದಾರ್, ಸುಬೇದಾರ್ ಮೇಜರ್ ಆಗಿ, ಸೇವೆಯ ಕೊನೆಯಲ್ಲಿ ಆನರರಿ ಲೆಫ್ಟಿನೆಂಟ್ ಅಥವಾ ಆನರರಿ ಕ್ಯಾಪ್ಟನ್ ಗೌರವ ಪಡೆಯುವವರು ನಮ್ಮ ಸೇನೆಯಲ್ಲಿದ್ದಾರೆ. ಕಾರ್ಗಿಲ್‌ನ ಟೈಗರ್ ಹಿಲ್‌ನಲ್ಲಿ ಪರಮವೀರ ಚಕ್ರ ಗಳಿಸಿದ ಯೋಗೇಂದ್ರ ಸಿಂಗ್ ಯಾದವ್ 1999ರಲ್ಲಿ ಗ್ರೆನೇಡಿಯರ್ (ಸಿಪಾಯಿಗೆ ಸಮ), ಇಂದು ಆನರರಿ ಕ್ಯಾಪ್ಟನ್. ಸುಬೇದಾರ್‌ಗಳನ್ನು ಅಧಿಕಾರಿಗಳೂ 'ಸಾಬ್' ಸೇರಿಸಿ ಕರೆಯುತ್ತಾರೆ. ಅಂಥ ಹಿರಿಯರನ್ನು ನಿನ್ನೆ ಮೊನ್ನೆ ರ‍್ಯಾಂಕಿನ ಪಟ್ಟಿ ಓದಿದವರು ನಕಲಿ ಎಂದು ಕರೆದರೆ ಎಷ್ಟು ನೋವಾಗುತ್ತದೆ ಅಲ್ವಾ?

ನೋವಿಗಿಂತ ಅಪಾಯ ದೊಡ್ಡದು. ಅವಮಾನ ತಾಳಲಾರದೆ ಜನ ಪುರಾವೆ ಹಾಕಿಬಿಡುತ್ತಾರೆ. 2021ರಲ್ಲಿ ವಾರ್ ಥಂಡರ್ ಎಂಬ ವಿಡಿಯೋ ಗೇಮ್ ಆಡುವವರ ನಡುವೆ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ ಬಗ್ಗೆ ವಾದ ನಡೆಯಿತು. ಗೇಮಿನಲ್ಲಿ ತೋರಿಸಿದ ಟ್ಯಾಂಕ್ ನಿಜವಾದದ್ದರ ಹಾಗಿಲ್ಲ ಎಂಬುದು ವಿಷಯ. ತಾನು ಆ ಟ್ಯಾಂಕಿನ ಕಮಾಂಡರ್ ಎಂದು ಹೇಳಿಕೊಂಡ ಒಬ್ಬರು ವಾದ ಗೆಲ್ಲಲು ಸೇನೆಯ ಕೈಪಿಡಿಯ ಪುಟಗಳನ್ನೇ ಹಾಕಿದರು. ಅದು ಇನ್ನೂ ಗೋಪ್ಯ ದಾಖಲೆ ಎಂದು ಗೇಮ್ ಕಂಪನಿ ಖಚಿತಪಡಿಸಿಕೊಂಡು ತೆಗೆದುಹಾಕಿತು. ಅಲ್ಲಿ ಯಾವ ಗೂಢಚಾರನೂ ಇರಲಿಲ್ಲ, ಹಣವೂ ಕೈ ಬದಲಾಗಲಿಲ್ಲ. 'ನನಗೆ ಗೊತ್ತು, ನಾನು ಅಲ್ಲಿದ್ದವನು' ಎಂದು ಸಾಬೀತು ಮಾಡುವ ತವಕ ಒಂದೇ ಸಾಕಾಯಿತು.

ಪುರಾವೆಗೆ ಹಾಕಿದ ಗುರುತಿನ ಚೀಟಿ ಮುಂದೆ ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮಲ್ಲಿ ಹಳೆಯ ಬೈಕು, ಫ್ರಿಜ್ಜು, ಬಾಡಿಗೆ ಮನೆಯ ಜಾಹೀರಾತುಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿರುವ ಒಂದು ಮೋಸ ಇದೆ. ಎದುರಿನವ 'ನಾನು ಆರ್ಮಿಯವನು, ಬೇರೆ ಕಡೆ ಪೋಸ್ಟಿಂಗ್ ಆಗಿದೆ, ಅದಕ್ಕೆ ಬೈಕ್ ಕಡಿಮೆಗೆ ಕೊಡ್ತಿದ್ದೀನಿ' ಎನ್ನುತ್ತಾನೆ. ಅನುಮಾನ ಬರುವ ಮೊದಲೇ ವಾಟ್ಸಾಪ್‌ನಲ್ಲಿ ಸೇನೆಯ ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಸಮವಸ್ತ್ರದ ಫೋಟೋ ಬರುತ್ತವೆ. ಸೈನಿಕ ಸುಳ್ಳು ಹೇಳುವುದಿಲ್ಲ ಎಂದು ನಂಬಿದವರು ಮುಂಗಡ ಕಳಿಸುತ್ತಾರೆ, ಇಲ್ಲವೇ ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಕಳೆದುಕೊಳ್ಳುತ್ತಾರೆ. ಅಂಥ ಕಾರ್ಡ್ ಎಷ್ಟೋ ಸಲ ಯಾರೋ ನಿಜವಾದ ಸೈನಿಕರದೇ ಆಗಿರುತ್ತದೆ. ಹಣ ಹೋದವರು ಶಾಪ ಹಾಕುವುದು ಆ ಕಾರ್ಡಿನಲ್ಲಿರುವ ಮುಖಕ್ಕೆ. ಅಮೆರಿಕದಲ್ಲಿ ಪ್ರೀತಿಯ ನಾಟಕವಾಡಿ ದುಡ್ಡು ಕೀಳುವವರು ಸೈನಿಕರ ಫೋಟೋ ಕದ್ದು ಬಳಸುತ್ತಾರೆ ಎಂದು ಅಲ್ಲಿನ ಸೇನೆಯ ತನಿಖಾ ವಿಭಾಗ ವರ್ಷಗಳಿಂದ ಎಚ್ಚರಿಸುತ್ತಲೇ ಇದೆ.

ಒಟ್ಟಿನಲ್ಲಿ, ನಕಲಿಗಳನ್ನು ಹಿಡಿಯಲೆಂದು ಬಹಿರಂಗವಾಗಿ ಪುರಾವೆ ಕೇಳಿದಷ್ಟೂ ನಕಲಿಗಳಿಗೆ ಬೇಕಾದ ಸರಕು ಹೆಚ್ಚುತ್ತದೆ.

ನಮ್ಮವರೇ ಇರುವ ಗುಂಪು

'ಇದು ಕ್ಲೋಸ್ಡ್ ಗ್ರೂಪ್, ಇಲ್ಲಿರುವವರೆಲ್ಲ ನಮ್ಮವರೇ' ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಲಾಟ್ವಿಯಾದ ರೀಗಾದಲ್ಲಿ ನೇಟೋಗೆ ಸಂಬಂಧಪಟ್ಟ ಒಂದು ಸಂವಹನ ಸಂಶೋಧನಾ ಕೇಂದ್ರ ಇದೆ. ಒಂದು ಸೇನಾ ಅಭ್ಯಾಸದ ವೇಳೆ ಅಲ್ಲಿನ ಸಂಶೋಧಕರು ಅನುಮತಿ ಪಡೆದು ಇದನ್ನು ಪರೀಕ್ಷಿಸಿದರು. ಅಭ್ಯಾಸದ ಹೆಸರಿನಲ್ಲಿ ನಕಲಿ ಫೇಸ್‌ಬುಕ್ ಪುಟ, ಕ್ಲೋಸ್ಡ್ ಗ್ರೂಪ್‌ಗಳನ್ನು ತೆರೆದರು. ಸೈನಿಕರು ತಾವಾಗಿಯೇ ಬಂದು ಸೇರಿದರು. ಖರ್ಚಾದದ್ದು ಸುಮಾರು 60 ಡಾಲರ್. ಸಿಕ್ಕಿದ್ದು ಸುಮಾರು 150 ಸೈನಿಕರ ಗುರುತು, ಕೆಲವು ಬೆಟಾಲಿಯನ್‌ಗಳ ಜಾಗ, ಪಡೆಗಳ ಓಡಾಟದ ವಿವರ. ಕೆಲವರು ಇದ್ದ ಜಾಗ ಬಿಟ್ಟು ಹೋಗುವಂತೆಯೂ ಮಾಡಲು ಆಯಿತು. 2019ರಲ್ಲಿ ಈ ವರದಿ ಬಂತು. ಆ ಗುಂಪುಗಳಲ್ಲಿ ಯಾರೂ ಯಾರನ್ನೂ ಹೆದರಿಸಿರಲಿಲ್ಲ. ಜೊತೆಗಾರರು ಎಂಬ ನಂಬಿಕೆಯಲ್ಲೇ ಎಲ್ಲವೂ ಹೊರಬಂತು.

ಸೇರಿದವರೆಲ್ಲ ಅಸಲಿಯೇ ಆಗಿದ್ದರೂ ಗುಂಪು ಸುರಕ್ಷಿತ ಎನ್ನಲಾಗದು. ಅಮೆರಿಕದ ಹಾಲಿ, ಮಾಜಿ ಮರೀನ್‌ಗಳ ಒಂದು ಗುಪ್ತ ಫೇಸ್‌ಬುಕ್ ಗುಂಪಿನಲ್ಲಿ ಸುಮಾರು 30,000 ಮಂದಿ ಇದ್ದರು. ತಮ್ಮದೇ ಪಡೆಯ ಮಹಿಳೆಯರ ಖಾಸಗಿ ಫೋಟೋಗಳನ್ನು ಅವರ ಒಪ್ಪಿಗೆ ಇಲ್ಲದೆ, ಕೆಲವೆಡೆ ಹೆಸರು, ರ‍್ಯಾಂಕ್, ಕೆಲಸದ ಜಾಗದ ಸಮೇತ ಹಂಚುತ್ತಿದ್ದರು. 2017ರ ಮಾರ್ಚ್‌ನಲ್ಲಿ ಇದು ಹೊರಬಂತು. ಅದೇ ವರ್ಷಾಂತ್ಯಕ್ಕೆ ಅಮೆರಿಕದ ಸೇನಾ ಕಾನೂನಿಗೆ 117ಎ ಎಂಬ ಹೊಸ ಕಲಂ ಸೇರಿತು, ಇಂಥ ಫೋಟೋ ಹಂಚುವುದು ನೇರ ಅಪರಾಧವಾಯಿತು. ಹಗಲು ಆ ಮಹಿಳೆಗೆ ರ‍್ಯಾಂಕ್ ಹಿಡಿದು ಕರೆದು ಸೆಲ್ಯೂಟ್ ಹೊಡೆದವರೇ ರಾತ್ರಿ ಅವರ ಫೋಟೋಗೆ ಕೆಟ್ಟದಾಗಿ ಬರೆದಿರಬಹುದು. ಶಿಷ್ಟಾಚಾರ ಹೆಗಲಿನ ಬ್ಯಾಡ್ಜಿಗೆ ಮಾತ್ರ ಅಂಟಿಕೊಂಡಿದ್ದರೆ, ಬ್ಯಾಡ್ಜು ಕಾಣದ ಕಡೆ ಅದು ಬಿದ್ದುಹೋಗುತ್ತದೆ. ಈ ಪ್ರಕರಣ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಇಲ್ಲಿ ಗುಟ್ಟು ಕಳೆದುಕೊಂಡವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಜ್ಯಾಕ್ ಟೆಕ್ಸೇರಾ ಪ್ರಕರಣ ಬೇರೆ ರೀತಿಯದು. ಇಪ್ಪತ್ತೊಂದರ ಹುಡುಗ, ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ತೀರಾ ಕೆಳಗಿನ ರ‍್ಯಾಂಕ್. ಹರಟೆಯ ಆ್ಯಪ್ ಡಿಸ್ಕಾರ್ಡ್‌ನ ಒಂದು ಸಣ್ಣ ಗೆಳೆಯರ ಗುಂಪಿಗೆ ಉಕ್ರೇನ್ ಯುದ್ಧದ ಗೋಪ್ಯ ದಾಖಲೆಗಳನ್ನು ಹಾಕಿದ. ಅಲ್ಲಿಂದ ಅವು ಜಗತ್ತಿಗೆಲ್ಲ ಹರಡಿದವು. 2023ರ ಏಪ್ರಿಲ್‌ನಲ್ಲಿ ಬಂಧನ, 2024ರ ನವೆಂಬರ್‌ನಲ್ಲಿ 15 ವರ್ಷ ಶಿಕ್ಷೆ. ಸಣ್ಣ ರ‍್ಯಾಂಕಿನವರ ಕೈಯಲ್ಲಿ ಸಣ್ಣ ಗುಟ್ಟು ಮಾತ್ರ ಇರುತ್ತದೆ ಎಂಬ ಲೆಕ್ಕಾಚಾರ ಕಂಪ್ಯೂಟರ್ ಕಾಲಕ್ಕೆ ಹೊಂದುವುದಿಲ್ಲ.

ಇನ್ನು ಬಾಯಿಯೇ ಬಿಡದಿದ್ದರೂ ಸಾಧನಗಳು ಮಾತಾಡುತ್ತವೆ. ಓಟ, ಸೈಕಲ್ ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳ ಜಾಗತಿಕ ನಕ್ಷೆಯನ್ನು 2017ರ ನವೆಂಬರ್‌ನಲ್ಲಿ ಬಿಟ್ಟಿತು. ಎರಡು ತಿಂಗಳ ನಂತರ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಗಮನಿಸಿದ. ಅಫ್ಘಾನಿಸ್ತಾನ, ಸಿರಿಯಾಗಳ ಖಾಲಿ ಜಾಗದಲ್ಲಿ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳ ಒಳದಾರಿಗಳಾಗಿದ್ದವು. 2018ರಲ್ಲೇ ಪೋಲಾರ್ ಎಂಬ ಇನ್ನೊಂದು ಕಂಪನಿಯ ಆ್ಯಪ್‌ನಿಂದ ಪತ್ರಕರ್ತರು ಸೇನೆ ಮತ್ತು ಗುಪ್ತಚರ ಸಂಸ್ಥೆಗಳಿಗೆ ಸೇರಿದ 6,000ಕ್ಕೂ ಹೆಚ್ಚು ಮಂದಿಯನ್ನು ಪತ್ತೆ ಮಾಡಿದರು. ಎಷ್ಟೋ ಜನರ ಮನೆಯೂ ಸಿಕ್ಕಿತು, ಏಕೆಂದರೆ ಓಟ ಶುರುವಾಗುವುದು ಮನೆ ಬಾಗಿಲಿನಿಂದ.

ಸೇನೆಗಳು ಸುಮ್ಮನೆ ಕೂತಿಲ್ಲ. ಅಮೆರಿಕ 2018ರ ಆಗಸ್ಟ್‌ನಲ್ಲಿ ಕಾರ್ಯಾಚರಣೆಯ ಜಾಗಗಳಲ್ಲಿ ಲೊಕೇಶನ್ ತೋರಿಸುವ ಸಾಧನಗಳ ಬಳಕೆಯನ್ನು ನಿಷೇಧಿಸಿತು. ರಷ್ಯಾ 2019ರಲ್ಲಿ ಕರ್ತವ್ಯದಲ್ಲಿರುವ ಸೈನಿಕರು ಸ್ಮಾರ್ಟ್‌ಫೋನ್ ಬಳಸದಂತೆ, ಸೇನೆಯ ವಿಷಯ ಇಂಟರ್‌ನೆಟ್‌ಗೆ ಹಾಕದಂತೆ ಕಾನೂನು ಮಾಡಿತು. ಭಾರತೀಯ ಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತು. ಒಬ್ಬ ಅಧಿಕಾರಿ ದೆಹಲಿ ಹೈಕೋರ್ಟಿಗೆ ಹೋದರು, ಕೋರ್ಟ್ ಸೇನೆಯ ಕಡೆ ನಿಂತಿತು. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. 1950ರ ಸೇನಾ ಕಾಯ್ದೆಯಲ್ಲಿ ಅದು ಜಾರಿಗೆ ಬಂದಿದೆ.

ನಿಷೇಧ ಅಗತ್ಯವೇ ಇರಬಹುದು. ಆದರೆ ನಿಷೇಧ ಸೈನಿಕನ ಫೋನಿಗೆ ತಟ್ಟುತ್ತದೆ, ಅವನ ಸುತ್ತಲಿನವರ ಫೋನಿಗೆ ತಟ್ಟುವುದಿಲ್ಲ. ಮಾಹಿತಿ ಮಾರುವ ಕಂಪನಿಗಳಿಗಂತೂ ತಟ್ಟುವುದೇ ಇಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಂಥ ಕಂಪನಿಗಳಿಂದ ಸೈನಿಕರ ಮಾಹಿತಿಯನ್ನು ಕೊಂಡು ತೋರಿಸಿದರು. ವಿಳಾಸ, ಆರೋಗ್ಯ, ಸಾಲ, ಮಕ್ಕಳಿದ್ದಾರೋ ಇಲ್ಲವೋ ಎಂಬುದೆಲ್ಲ ಅದರಲ್ಲಿತ್ತು. ಒಬ್ಬರ ಮಾಹಿತಿಗೆ ಬೆಲೆ 12 ಸೆಂಟ್‌ನಿಂದ ಶುರು.

ಹಾಗಾದರೆ ಒಳ್ಳೆಯ ನಡತೆ ಯಾವುದು

ಆನ್‌ಲೈನ್‌ನಲ್ಲಿ ಮರ್ಯಾದೆಯೇ ಮಾಹಿತಿ ಸೋರುವ ದಾರಿಯಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಬಡ್ತಿಯ ಅಭಿನಂದನೆಯನ್ನೇ ನೋಡಿ. ಹೊಸ ರ‍್ಯಾಂಕಿನ ಗುರುತುಗಳನ್ನು ಹೆಗಲಿಗೆ ಹಾಕುವ ಪಿಪಿಂಗ್ ಸಮಾರಂಭದ ಫೋಟೋ ಮನೆಯವರ ಗ್ರೂಪಿಗೆ ಬರುತ್ತದೆ. ಹೆಂಡತಿಯೋ ತಾಯಿಯೋ ಒಂದು ಕಡೆ, ಕಮಾಂಡಿಂಗ್ ಆಫೀಸರ್ ಇನ್ನೊಂದು ಕಡೆ ನಿಂತು ಹೆಗಲಿಗೆ ಪಟ್ಟಿ ಸಿಕ್ಕಿಸುತ್ತಿರುತ್ತಾರೆ. ಹೆಮ್ಮೆಯ ಗಳಿಗೆ. ಚಿಕ್ಕಪ್ಪನೋ ಹಳೆಯ ಗೆಳೆಯನೋ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿ, ಟ್ಯಾಗ್ ಮಾಡಿ, 'ನಮ್ಮ ಹುಡುಗ ಈಗ ಲೆಫ್ಟಿನೆಂಟ್ ಕರ್ನಲ್' ಎಂದು ಬರೆಯುತ್ತಾರೆ. ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಎದೆಯ ಮೇಲೆ ಹೆಸರಿನ ಪಟ್ಟಿ. ತೋಳಿನ ಮೇಲೆ ಯಾವ ಡಿವಿಷನ್ ಎಂದು ಹೇಳುವ ಚಿಹ್ನೆ. ಹಿಂದಿನ ಗೋಡೆಯ ಮೇಲೆ ಯೂನಿಟ್ಟಿನ ಹೆಸರು. ಪಕ್ಕದಲ್ಲಿ ಇನ್ನೂ ಐದಾರು ಅಧಿಕಾರಿಗಳ ಮುಖ. ಅವರನ್ನು ಯಾರೂ ಕೇಳಿಯೇ ಇಲ್ಲ. ಆ ಹುಡುಗ ಸ್ವತಃ ಏನನ್ನೂ ಹಾಕಿಲ್ಲ, ನಿಯಮ ಮುರಿದಿಲ್ಲ. ಆದರೂ ಅವನ ಬಗ್ಗೆ ತಿಳಿಯಬೇಕಾದ್ದೆಲ್ಲ ಹೊರಗಿದೆ.

ಹಾಗಾಗಿ ಆನ್‌ಲೈನ್‌ಗೆ ಹೊಂದುವ ಶಿಷ್ಟಾಚಾರ ಬೇಕು. ಒಬ್ಬರು ತಮ್ಮ ರ‍್ಯಾಂಕನ್ನು ತಾವೇ ಹೇಳಿಕೊಂಡಿದ್ದರೆ ಅದನ್ನು ಸರಿಯಾಗಿ ಬಳಸಬೇಕು. ಸುಬೇದಾರರನ್ನು ಹವಾಲ್ದಾರ್ ಎನ್ನುವುದು, ನೌಕಾಪಡೆಯ ಕ್ಯಾಪ್ಟನ್ನರನ್ನು ಮೇಜರ್‌ಗಿಂತ ಕಿರಿಯರ ಹಾಗೆ ನಡೆಸಿಕೊಳ್ಳುವುದು ಅವಮಾನವೇ. ಹೇಳಿಕೊಂಡಿಲ್ಲದಿದ್ದರೆ ಕೇಳಬಾರದು. ಗೊತ್ತಿದ್ದರೂ ಎಲ್ಲರೆದುರು ಹೇಳಬಾರದು. ಅಡ್ಡಹೆಸರಿನಲ್ಲಿ ಬರೆಯುವ ಹಳೆಯ ಮೇಲಧಿಕಾರಿಯನ್ನು ಗುರುತಿಸಿ 'ಕರ್ನಲ್ ಸಾಹೇಬ್ರೇ, ನಮಸ್ಕಾರ, ಈಗ ಎಲ್ಲಿದ್ದೀರಿ?' ಎಂದು ಕೇಳುವುದು ಬೇರೆಲ್ಲ ಕಡೆ ವಿನಯ. ಅಲ್ಲಿ ಮಾತ್ರ ಅವರ ಮುಸುಕು ಎಳೆದ ಹಾಗೆ. ಮಾತಾಡಿಸಬೇಕೆನಿಸಿದರೆ ಖಾಸಗಿಯಾಗಿ ಸಂದೇಶ ಕಳಿಸಬಹುದಲ್ಲ. 'ಸರ್', 'ಮೇಡಂ' ಎಂಬ ಮಾತುಗಳಲ್ಲೇ ಬೇಕಾದಷ್ಟು ಗೌರವ ಇದೆ, ಅವು ಯಾರ ಗುಟ್ಟನ್ನೂ ಹೊರಹಾಕುವುದಿಲ್ಲ.

ಹಿರಿಯರ ಕಡೆಯಿಂದಲೂ ಒಂದು ಕರ್ತವ್ಯ ಇದೆ. ಮೇಲಿನ ರ‍್ಯಾಂಕಿನವರು ತಮ್ಮ ಕೈಕೆಳಗಿನವರಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದರೆ ಅದನ್ನು ನಿರಾಕರಿಸುವುದು ಸುಲಭವಲ್ಲ. ಒಪ್ಪಿಕೊಂಡರೆ ಮನೆಯ ಫೋಟೋ, ರಜೆಯ ಓಡಾಟ, ಮನಸ್ಸಿನ ಬೇಸರ ಎಲ್ಲವೂ ಸಾಹೇಬರ ಕಣ್ಣಿಗೆ. ಸೇವೆಯಲ್ಲಿರುವಾಗ ಹಿರಿಯರೇ ಮುಂದಾಗಿ ಇಂಥ ಕೋರಿಕೆ ಕಳಿಸದಿರುವುದು ಮೇಲು. ಚರ್ಚೆಯಲ್ಲಿ ಕಿರಿಯರೊಬ್ಬರು ಗೊತ್ತಿಲ್ಲದೆ ಎದುರು ಮಾತಾಡಿದಾಗ 'ನಾನು ಯಾರು ಗೊತ್ತಾ?' ಎಂದು ರ‍್ಯಾಂಕ್ ಎತ್ತುವುದು ಎರಡು ರೀತಿಯಲ್ಲಿ ಕೆಟ್ಟದ್ದು. ವಾದಕ್ಕೆ ಉತ್ತರ ಸಿಗುವುದಿಲ್ಲ, ತಮ್ಮ ಗುರುತೂ ಹೋಗುತ್ತದೆ. ಸಮವಸ್ತ್ರ ಕಾಣದ ಕಡೆ ಅನುಭವ ಮಾತಿನಲ್ಲೇ ಕಾಣಬೇಕು. ನಿಜವಾಗಿ ಪಲ್ಟನ್ ನಡೆಸಿದವರ ಮಾತು ಹತ್ತು ಸಾಲಿನಲ್ಲೇ ಗೊತ್ತಾಗುತ್ತದೆ.

ಗುಂಪು ನಡೆಸುವವರ ಹೊಣೆ ಎಲ್ಲರಿಗಿಂತ ಜಾಸ್ತಿ. ಮಾಜಿ ಸೈನಿಕರ ಗುಂಪಿಗೆ ಹೊರಗಿನವರು ನುಗ್ಗಬಾರದು ಎಂಬುದು ಸರಿಯೇ. ಆದರೆ ಸೇರುವಾಗಲೇ ಡಿಸ್ಚಾರ್ಜ್ ಬುಕ್, ಐಡಿ ಕಾರ್ಡ್, ಪಿಂಚಣಿ ಆದೇಶದ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ಎನ್ನುವುದು ತಪ್ಪು. ಈಗಾಗಲೇ ಗುಂಪಿನಲ್ಲಿರುವ ಇಬ್ಬರು 'ಇವರು ನಮಗೆ ಗೊತ್ತು' ಎಂದರೆ ಸಾಕಾಗಬೇಕು. ಹಾಗೆ ಹೇಳುವವರಿಲ್ಲದಿದ್ದರೆ ವಿಡಿಯೋ ಕರೆಯಲ್ಲಿ ಎರಡು ಮಾತಾಡಿ, ಕಾರ್ಡನ್ನು ದೂರದಿಂದ ತೋರಿಸಿದರೆ ನೋಡಿ, ಪ್ರತಿ ಇಟ್ಟುಕೊಳ್ಳದೆ ಬಿಡಬೇಕು. ಸದಸ್ಯರ ಹೆಸರು, ರ‍್ಯಾಂಕ್, ಫೋನ್ ನಂಬರ್, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕಿನ ಶಾಖೆ ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಗೆ ತುಂಬಿ ಗುಂಪಿಗೆ ಹಾಕುವುದನ್ನಂತೂ ಮೊದಲು ನಿಲ್ಲಿಸಬೇಕು. ಜೀವನ ಪ್ರಮಾಣಪತ್ರ ನವೀಕರಿಸುತ್ತೇವೆ ಎಂದು ನಿವೃತ್ತರಿಗೆ ಕರೆ ಮಾಡಿ, ಪಿಂಚಣಿ ಸಂಖ್ಯೆಯನ್ನು ತಾವೇ ಓದಿ ಹೇಳಿ, ನಂಬಿಸಿ ಓಟಿಪಿ ಪಡೆಯುವ ಮೋಸಗಾರರಿಗೆ ಅಂಥ ಒಂದು ಹಾಳೆ ಸಿಕ್ಕಿದರೆ ಬೇರೇನೂ ಬೇಕಾಗಿಲ್ಲ. ಹಳೆಯ ಹಾಳೆ ಯಾವುದಾದರೂ ಗುಂಪಿನಲ್ಲಿ ಉಳಿದಿದ್ದರೆ ಇವತ್ತೇ ಅಳಿಸಿ. ಡೌನ್‌ಲೋಡ್ ಮಾಡಿಕೊಂಡವರಿಗೂ ಅಳಿಸಲು ಹೇಳಿ.